ಹಗ್ಗದಂಗಡಿಯ ಅನುಭವ ಪತ್ರ

ಪುಣೆಯ ಭವಾನಿ ಪೇಠದಲ್ಲಿ ಬಸವಲಿಂಗನ ಅಂಗಡಿ ಹೊಕ್ಕರೆ ನೂಲಿನ ಹಗ್ಗ, ನೈಲಾನ್ ಹಗ್ಗ, ಲಾರಿಗೆ ಹೊದಿಸುವ ತಾಡಪತ್ರಿ, ಮಾಲು ಬಿಗಿಯುವ ಪಟ್ಟಿ, ಉಳ್ಳಾಗಡ್ಡಿಯ ಜಾಳಿಗೆ ಚೀಲ, ಎಲ್ಲ ಸಿಗುತ್ತವೆ. ಸಿಗದ ಮಾಲು ಒಂದೇ, ಅದು 'ಇಲ್ಲ' ಎಂಬ ಮಾತು. ಅವನ ತಂದೆ ಗೂಳಪ್ಪ ಅಥಣಿಯಿಂದ ಬಂದು ಇಲ್ಲಿ ಗಾದಿ ಹಾಕಿದಾಗಲೇ ಮಾಡಿಟ್ಟ ಕಟ್ಟಳೆ. ಗಿರಾಕಿ ಕೇಳಿದ್ದು ಅಂಗಡಿಯಲ್ಲಿ ಇರದಿದ್ದರೆ 'ನಾಳೆ ಬರ್ತದ್ರಿ' ಅನ್ನಬೇಕು. ಮುಗಿದಿದ್ದರೆ 'ಹೆಚ್ಚಾಗ್ಯಾವ್ರಿ' ಅನ್ನಬೇಕು. ಸಂಜೆ ದೀಪ 'ಆರಿಸು' ಅನ್ನಬಾರದು, 'ದೊಡ್ಡದು ಮಾಡು' ಅನ್ನಬೇಕು. ಗಾದಿಯ ಮೇಲೆ ಕೂತು 'ಇಲ್ಲ' ಅಂದವನ ಮನೆಗೆ 'ಇಲ್ಲ' ಎಂಬುದೇ ಬಂದು ಕೂಡುತ್ತದೆ ಎಂದು ಗೂಳಪ್ಪ ನಂಬಿದ್ದ. ಅವನು ಲಿಂಗೈಕ್ಯನಾಗಿ ಎಷ್ಟೋ ವರ್ಷಗಳಾದವು. ಗಾದಿ ಹೋಗಿ ರಿವಾಲ್ವಿಂಗ್ ಕುರ್ಚಿ ಬಂದಿತು. ಮಗನ ನಾಲಿಗೆ ಮಾತ್ರ ಇನ್ನೂ ಅಪ್ಪನ ಕೈಯಲ್ಲೇ ಉಳಿದಿತ್ತು.

ಹಗ್ಗ ಮಾರುವವರೆಗೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ಬೀಗರ ರೂಪದಲ್ಲಿ.

ಬೀಗರೆಂದರೆ ಮುರುಗೆಪ್ಪ, ಮೆಣಸಿನಕಾಯಿ ವ್ಯಾಪಾರಿ. ಬಸವಲಿಂಗನ ಹಿರಿಮಗಳು ರಂಜಿನಿಯನ್ನು ಅವರ ದೊಡ್ಡ ಮಗನಿಗೆ ಕೊಟ್ಟಿದ್ದರು. ಸಣ್ಣ ಮಗ ದತ್ತು ಆಗ ಎಂಬಿಎ ಓದುತ್ತಿದ್ದ. ಬೇಸಿಗೆ ರಜೆಯಲ್ಲಿ ಎಲ್ಲಿಯಾದರೂ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿ ಕಾಲೇಜಿಗೆ ಕಾಗದ ತೋರಿಸಬೇಕಿತ್ತು. ಕಂಪನಿ ಹುಡುಕಬೇಕು ಎನ್ನುವಷ್ಟರಲ್ಲಿ ಗೋವಾ ಬಂತು, ಗೋವಾ ಮುಗಿಯುವಷ್ಟರಲ್ಲಿ ಮಹಾಬಳೇಶ್ವರ ಬಂತು, ಹುಡುಗನಿಗೆ ಪುರಸೊತ್ತೇ ಸಿಗಲಿಲ್ಲ.

"ಬೀಗರ, ಒಂದು ಕಾಗದ ಬೇಕಿತ್ರಿ," ಅಂದರು ಮುರುಗೆಪ್ಪ, ಚಹಾದ ಬಟ್ಟಲು ಕೆಳಗಿಟ್ಟು. "ನಮ್ಮ ದತ್ತು ನಿಮ್ಮಲ್ಲೆ ಎರಡು ತಿಂಗಳ ದುಡದಾನ ಅಂತ."

"ಯಾವಾಗ ದುಡದಾನ್ರಿ?"

"ದುಡದಿದ್ರ ನಾ ಯಾಕ ಕೇಳಾಕ ಬರ್ತಿದ್ದೆ? ದುಡದವನ ಮಾರಿ ನೋಡಿದ್ರನ ಗೊತ್ತಾಗ್ತಿತ್ತು."

ಬಸವಲಿಂಗ ನಕ್ಕ. ಬೀಗರು ನಕ್ಕಾಗ ನಗಬೇಕು, ಕೇಳಿದಾಗ ಕೊಡಬೇಕು. ಮಗಳು ಅವರ ಮನೆಯಲ್ಲಿದ್ದಾಳೆ. ಪಕ್ಕದ ಗಲ್ಲಿಯ ಟೈಪಿಂಗಿನವನ ಹತ್ತಿರ ಹೋಗಿ ಕಾಗದ ಮಾಡಿಸಿದ. ಟೈಪಿಂಗಿನವನು ಮರಾಠಿ ಮನುಷ್ಯ, ಇಂತಹ ಕಾಗದ ಎಷ್ಟೋ ಹೊಡೆದವನು. ಸಪ್ಲೈ ಚೈನ್, ವೆಂಡರ್ ಮ್ಯಾನೇಜ್‌ಮೆಂಟ್, ಇನ್ವೆಂಟರಿ ಆಪ್ಟಿಮೈಸೇಶನ್ ಎಂದೆಲ್ಲ ಸಾಲಾಗಿ ಹೊಡೆದ.

"ಸಪ್ಲೈ ಚೈನ್ ಅಂದ್ರೇನಪಾ?" ಬಸವಲಿಂಗ ಕೇಳಿದ.

"ನಿಮ್ಮ ಹಗ್ಗವೇ, ಕಾಕಾ."

"ಈ ವೆಂಡರ್ ಅನ್ನೂದು?"

"ಮಾಲು ಕಳಿಸೋರ ಜೊತೆ ಫೋನಿನಲ್ಲಿ ಜಗಳಾಡ್ತೀರಲ್ಲ, ಅದು."

ಹಾಗಾದರೆ ಅದನ್ನೆಲ್ಲ ತಾನು ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ ಎಂದು ಬಸವಲಿಂಗನಿಗೆ ಅಂದೇ ತಿಳಿದದ್ದು. ಶಿಕ್ಕಾ ಒತ್ತಿ, ಸಹಿ ಮಾಡಿ, ಕಾಗದ ಕೊಟ್ಟ. ದತ್ತು ಅದರ ಸಾಲುಗಳನ್ನು ಹಾಗೇ ಎತ್ತಿ ತನ್ನ ರೆಸ್ಯೂಮೆಯಲ್ಲಿ ಇಳಿಸಿಕೊಂಡ. ಮುಂದೆ ಊರಂಚಿನ ವಾಕಡದಲ್ಲಿ, ಬೇರೆಯವರ ಮಾಲು ಇಟ್ಟುಕೊಂಡು ಊರೂರಿಗೆ ಕಳಿಸುವ ಒಂದು ಕಂಪನಿಯಲ್ಲಿ ಅವನಿಗೆ ನೌಕರಿಯೂ ಸಿಕ್ಕಿತು.

ಒಳ್ಳೆಯ ಮಾಲಿನ ಸುದ್ದಿ ಪೇಠದಲ್ಲಿ ನಿಲ್ಲುವುದಿಲ್ಲ. ಸಮಾಜದ ಸಭೆಯಲ್ಲಿ ಪ್ರಸಾದದ ಪಂಕ್ತಿಗೆ ಕೂತರೆ ಸಾಕು, ಆಚೆ ಎಲೆಯವರು ಈಚೆ ವಾಲಿ, "ನಮ್ಮ ಹುಡುಗನದೂ ಒಂದು ನೋಡ್ರಿ," ಅನ್ನತೊಡಗಿದರು. ಬಸವಲಿಂಗ ಯಾರಿಗೆ ಇಲ್ಲ ಅಂದಾನು? ಟೈಪಿಂಗಿನವನು ಹೆಸರು ಬದಲಿಸುತ್ತಿದ್ದ, ತಾರೀಖು ಬದಲಿಸುತ್ತಿದ್ದ, ಉಳಿದದ್ದು ಹಾಗೇ. ಅಂಗಡಿಯ ಹೊಸ್ತಿಲು ಎಲ್ಲಿದೆ ಎಂದು ಗೊತ್ತಿಲ್ಲದ ಮಕ್ಕಳೆಲ್ಲ ಅಲ್ಲಿಯ ಸಪ್ಲೈ ಚೈನ್ ಸುಧಾರಿಸಿದರು. ಹೆಂಡತಿ ನಾಗವ್ವ ಒಂದು ದಿನ ರೊಟ್ಟಿ ಬಡಿಯುತ್ತಲೇ ಅಂದಳು:

"ಮಠದ ಐನಾರು ಇಭೂತಿ ಹಂಚಿದಂಗ ಹಂಚಾಕತ್ತೀರಿ. ಅವರರ ಹಣಿ ನೋಡಿ ಹಚ್ತಾರ."

"ಕಾಗದ ಹೋಗ್ತದ, ಗಂಟೇನು ಹೋಗ್ತದ?"

"ಗಂಟು ಯಾವುದು ಅಂತ ತಿಳದ್ರ ಹೌದಲ್ರಿ."

ಈ ನಡುವೆ ಕಿರಿಮಗಳು ನೀತಾಳ ಬಿಬಿಎ ಮುಗಿಯುತ್ತ ಬಂತು. ಅವಳಿಗೂ ಇಂಟರ್ನ್‌ಶಿಪ್ ಬೇಕು. ಬಸವಲಿಂಗ, "ಶಿಕ್ಕಾ ಮನ್ಯಾಗ ಅದ, ನೀ ಆರಾಮ ಕೂಡು," ಅಂದ. ನೀತಾ ಕೂಡಲಿಲ್ಲ. ಮರುದಿನ ಡಬ್ಬಿ ಕಟ್ಟಿಕೊಂಡು ಅಪ್ಪನ ಸ್ಕೂಟರಿನ ಹಿಂದೆ ಹತ್ತಿದಳು.

ಹತ್ತಿದವಳು ಕಾಲೇಜು ಮುಗಿದ ಮೇಲೂ ಇಳಿಯಲಿಲ್ಲ. ಬಂದ ಮೊದಲ ಮಳೆಗಾಲದಲ್ಲೇ ಅವಳು ಒಂದು ಸಂಗತಿ ನೋಡಿದಳು. ಗಿರಾಕಿ ತಾಡಪತ್ರಿಯ ಅಳತೆ ಹೇಳಿದರೆ ಹಮಾಲರು ಒಂದೊಂದೇ ಗಂಟು ಬಿಚ್ಚಿ, ಬೀದಿಯಲ್ಲಿ ಹಾಸಿ, ಅಳೆದು, ಅದಲ್ಲ ಎಂದು ಮತ್ತೆ ಮಡಿಸುತ್ತಿದ್ದರು. ಅಷ್ಟರಲ್ಲಿ ಗಿರಾಕಿ ಎದುರಿನ ಅಂಗಡಿಗೆ ಹೋಗಿರುತ್ತಿದ್ದ. ನೀತಾ ಬಣ್ಣದ ದಾರ ತಂದು ಪ್ರತಿ ತಾಡಪತ್ರಿಯ ಮೂಲೆಗೆ ಹೊಲಿಸಿದಳು, ಅಳತೆಗೊಂದು ಬಣ್ಣ. ಬಿಚ್ಚುವ ಕೆಲಸವೇ ನಿಂತಿತು. ಆಮೇಲೆ ರಾಂಜಣಗಾಂವದ ಕಾರಖಾನೆಗಳಿಗೆ ಮಾಲು ಕಟ್ಟಿ ಕೊಡುವ ಗುತ್ತಿಗೆದಾರರ ನಂಬರು ಹುಡುಕಿ ತಾನೇ ಫೋನು ಮಾಡಿದಳು. ಅವರು "ಸೇಠಜಿ ಇಲ್ವಾ?" ಎಂದು ಕೇಳುತ್ತಿದ್ದರು. "ಸೇಠಜಿ ಚಹಾಕ್ಕ ಹೋಗ್ಯಾರ, ಮಾಲಿನ ಭಾವ ನಾ ಹೇಳ್ತೀನಿ," ಅನ್ನುತ್ತಿದ್ದಳು. ಸೇಠಜಿ ಎದುರಿಗೇ ಕೂತು ಕೇಳುತ್ತಿದ್ದ. ಬಿಗಿಯುವ ಪಟ್ಟಿಗಳ ಗುತ್ತಿಗೆ ಹಾಗೆ ಸಿಕ್ಕಿತು. ಬಸವಲಿಂಗ ಯಾರ ಮುಂದೆಯೂ ಹೊಗಳಲಿಲ್ಲ. ಚಲೋ ಮಾಲನ್ನು ಹೊಗಳಿದರೆ ದೃಷ್ಟಿ ತಾಗುತ್ತದೆ.

ಆದರೆ ನೀತಾಳಿಗೆ ಅಂಗಡಿ ಸಾಕಾಗಿತ್ತು. ಅವಳು ಏನು ಮಾಡಿದರೂ ಅದು 'ಅಪ್ಪನ ಕೆಲಸಕ್ಕೆ ಕೈ ಹಚ್ಚೋದು' ಆಗುತ್ತಿತ್ತು. ಮನೆಮಂದಿಗೆ ಪಗಾರವೇನು, ಹಾಜರಿಯೇನು? ತಾನು ಮಾಡಿದ್ದು ಕೆಲಸ ಹೌದೋ ಅಲ್ಲವೋ ಎಂದು ಅಪ್ಪನಲ್ಲದ ಒಬ್ಬರು ಹೇಳಬೇಕಿತ್ತು ಅವಳಿಗೆ. ವಾಕಡದ ಅದೇ ಕಂಪನಿಗೆ ಅರ್ಜಿ ಹಾಕಿದಳು. ದತ್ತು ಅಲ್ಲಿರುವುದು ಅನುಕೂಲವೇ ಆಯಿತೆಂದು ಮನೆಯಲ್ಲಿ ಎಲ್ಲರೂ ಅಂದುಕೊಂಡರು.

ರೆಸ್ಯೂಮೆ ಅವಳೇ ಬರೆದಳು. ದೊಡ್ಡ ಮಾತು ಒಂದೂ ಹಾಕಲಿಲ್ಲ. ದಾರದ ಸಂಗತಿ, ಗುತ್ತಿಗೆಯ ಸಂಗತಿ, ಮಾರಾಟವಾಗದ ಅಳತೆಯ ಮಾಲು ತರಿಸುವುದನ್ನು ನಿಲ್ಲಿಸಿದ ಸಂಗತಿ, ಇಷ್ಟೇ. ಅಂಗಡಿಯ ಕಾಗದ ಮಾತ್ರ ಅಪ್ಪ ಕೊಡಬೇಕು.

"ಪಪ್ಪಾ, ನನಗ ಬ್ಯಾರೆ ಬರಸ್ರಿ. ನಾ ಮಾಡಿದ್ದು ಅಷ್ಟ ಬರಸ್ರಿ."

"ಯಾಕವಾ? ಆ ಕಾಗದಕ್ಕ ಏನಾಗ್ಯದ? ಎಲ್ಲಾರಿಗೂ ನಡದದ."

"ಅದಕ್ಕನ ಬ್ಯಾಡ ಅಂತೀನಿ."

"ನಡದ ಮಾಲು ಬದಲಿ ಮಾಡಬಾರದು," ಅಂದ ಬಸವಲಿಂಗ. ವ್ಯಾಪಾರದಲ್ಲಿ ಅದು ಸರಿಯಾದ ಮಾತು. ಟೈಪಿಂಗಿನವನಿಗೆ ಫೋನು ಮಾಡಿದ. ಹೆಸರು ಬದಲಾಯಿತು, ತಾರೀಖು ಬದಲಾಯಿತು, ನೀತಾ ಬೇರೆ ಊರಿಗೆ ನೌಕರಿಯ ಪರೀಕ್ಷೆಗೆ ಹೋಗಿದ್ದ ಹೊತ್ತಿನಲ್ಲಿ ಕಾಗದ ಕಂಪನಿಗೆ ಹೋಗಿಯೂ ಬಿಟ್ಟಿತು.

ಇಂಟರ್‌ವ್ಯೂ ಎರಡೂ ಸುತ್ತು ಚೆನ್ನಾಗಿ ಆದವು. ಕೇಳಿದವಳು ಅಪೇಕ್ಷಾ ಎಂಬ ಮರಾಠಿ ಹೆಣ್ಣುಮಗಳು. ದಾರದ ಕಥೆ ಕೇಳಿ ಮತ್ತೊಮ್ಮೆ ಹೇಳು ಅಂದಳಂತೆ. "ಇನ್ನ ಒಂದು ಫೋನ್ ಅಷ್ಟ, ಪಪ್ಪಾ. ನಿಮಗ ಮಾಡ್ತಾರ. ಖರೇ ಹೇಳಿದ್ರ ಮುಗೀತು," ಅಂದಳು ನೀತಾ. ಅವಳ ಮುಖದಲ್ಲಿ ಅಂಥ ಕಳೆಯನ್ನು ಬಸವಲಿಂಗ ಅವಳು ಶಾಲೆ ಬಿಟ್ಟ ಮೇಲೆ ನೋಡಿರಲಿಲ್ಲ.

ಫೋನು ಅಂಗಡಿಯಲ್ಲಿದ್ದಾಗಲೇ ಬಂತು. ಹೊರಗೆ ಟೆಂಪೋದವರ ಗದ್ದಲ, ಕಿವಿಗೆ ಸರಿಯಾಗಿ ಕೇಳಿಸದೆ ಬಸವಲಿಂಗ ಸ್ಪೀಕರಿಗೆ ಹಾಕಿದ. ಎದುರಿಗೆ ನೀತಾ ಕೂತಿದ್ದಳು. ಮಾತು ಮರಾಠಿಯಲ್ಲಿ ನಡೆಯಿತು.

"ಕಾಕಾ, ನೀತಾ ನಿಮ್ಮಲ್ಲಿ ಕೆಲಸ ಮಾಡಿದ್ದಾಳಾ?"

"ಮಾಡಿದ್ದಾಳೆ ಮೇಡಂ. ಬಹಳ ಮಾಡಿದ್ದಾಳೆ."

"ನಿಮಗೆ ಏನಾಗಬೇಕು?"

"ಮಗಳು."

"ನಮ್ಮಲ್ಲಿ ದತ್ತು ಅಂತ ಇದ್ದಾನೆ. ಅವನೂ ನಿಮ್ಮಲ್ಲಿ ಇಂಟರ್ನ್ ಆಗಿದ್ದನಂತೆ. ಅವನು?"

"ನಮ್ಮ ಬೀಗರ ಮಗ."

"ಒಳ್ಳೆಯದು, ಎಲ್ಲ ಮನೆಯವರೇ," ಅಂದಳು ಅಪೇಕ್ಷಾ. ದನಿಯಲ್ಲಿ ನಗೆ ಇತ್ತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. "ಕಾಕಾ, ನೀತಾಳ ಕಾಗದ, ದತ್ತುವಿನ ಕಾಗದ ಎರಡೂ ನನ್ನ ಮುಂದಿವೆ. ಹೆಸರು ತಾರೀಖು ಬಿಟ್ಟರೆ ಅಕ್ಷರಕ್ಕೆ ಅಕ್ಷರ ಒಂದೇ. ಬೇರೆ ಹುಡುಗರ ಅರ್ಜಿಗಳಲ್ಲೂ ಇದೇ ಕಾಗದ ಬಂದಿದೆ. ನಿಮ್ಮ ಅಂಗಡಿ ಎಷ್ಟು ದೊಡ್ಡದು?"

ಬಸವಲಿಂಗ ಅಂಗಡಿಯನ್ನು ನೋಡಿದ. ಹಮಾಲನೊಬ್ಬ ಹಗ್ಗದ ಸಿಂಬೆ ಹೊತ್ತು ಒಳಗೆ ಬರಲು ನೀತಾ ಕಾಲು ಮಡಚಿ ದಾರಿ ಬಿಡಬೇಕಾಯಿತು.

"ಒಂದು ಮಟ್ಟಿಗೆ ಇದೆ ಮೇಡಂ."

"ನೀತಾಳ ಇಂಟರ್‌ವ್ಯೂ ನಾನೇ ಮಾಡಿದೆ. ಆ ಹುಡುಗಿ ಕೆಲಸ ಮಾಡಿದವಳು ಅಂತ ನನಗೆ ಗೊತ್ತಾಗುತ್ತದೆ. ಆದರೆ ಮೇಲಿನವರಿಗೆ ನಾನು ಕಾಗದ ತೋರಿಸಬೇಕು. ಹಳಬರ ಕಾಗದಗಳನ್ನೂ ಈಗ ತಾಳೆ ನೋಡುತ್ತಿದ್ದಾರೆ, ಸುಳ್ಳು ಕಂಡರೆ ತೆಗೆಯುತ್ತಾರೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಈ ಎರಡರಲ್ಲಿ ಖರೆ ಯಾವುದು?"

ಅಂಗಡಿಯಲ್ಲಿ ಕೂತ ಮನುಷ್ಯನಿಗೆ ಇಂತಹ ತಕ್ಕಡಿ ಯಾರೂ ಕೊಡಬಾರದು. ಒಂದು ತಟ್ಟೆಯಲ್ಲಿ ನೀತಾ, ಒಂದೂವರೆ ವರ್ಷದ ಬೆವರು. ಇನ್ನೊಂದರಲ್ಲಿ ದತ್ತು, ಗೋವಾ, ಮಹಾಬಳೇಶ್ವರ. ಇಷ್ಟೇ ಆಗಿದ್ದರೆ ಕೂಸಿಗೂ ತೂಗಲು ಬರುತ್ತಿತ್ತು. ಆದರೆ ದತ್ತುವಿನ ತಟ್ಟೆಯಲ್ಲಿ ಅವನ ಹಿಂದೆ ರಂಜಿನಿ ನಿಂತಿದ್ದಳು. ಮೈದುನನ ನೌಕರಿ ತನ್ನ ತವರಿನ ಬಾಯಿಂದ ಹೋಯಿತು ಎಂದಾದ ಮೇಲೆ ಅವಳು ಆ ಮನೆಯಲ್ಲಿ ಊಟಕ್ಕೆ ಕೂಡುವುದು ಹೇಗೆ? ಅವಳ ಅತ್ತೆಯ ನಾಲಿಗೆಗೆ ಮೆಣಸಿನಕಾಯಿಯ ವ್ಯಾಪಾರ ಮೊದಲೇ ಒಗ್ಗಿತ್ತು.

ನೀತಾ ಅಪ್ಪನನ್ನೇ ನೋಡುತ್ತಿದ್ದಳು. ದತ್ತು ದುಡಿದಿದ್ದನೇ ಎಂಬುದಕ್ಕೆ ಹೇಳಬೇಕಾದ ಮಾತು ಒಂದೇ ಇತ್ತು, ಅದೂ ಎರಡಕ್ಷರದ್ದು. ಬಾಯಿ ತೆರೆದ. ಹುಟ್ಟಿದಾಗಿನಿಂದ ಆ ಅಂಗಡಿಯಲ್ಲಿ ಬಾರದ ಮಾತು ಅಂದೂ ಬರಲಿಲ್ಲ.

"ಎರಡೂ ಖರೆ, ಮೇಡಂ," ಅಂದ.

"ಸರಿ ಕಾಕಾ," ಅಂದಳು ಅಪೇಕ್ಷಾ. "ಹಾಗಾದರೆ ಎರಡನ್ನೂ ಒಂದೇ ಅಂತ ಬರೆದುಕೊಳ್ಳುತ್ತೇನೆ."

ಹಾಗೇ ಬರೆದುಕೊಂಡಳು. ದತ್ತುವಿಗೆ ಎರಡು ವರ್ಷದ ಅಲ್ಲಿಯ ಕೆಲಸವೇ ಆಸರೆಯಾಯಿತು, ಒಂದು ಎಚ್ಚರಿಕೆಯ ಪತ್ರದಲ್ಲಿ ಪಾರಾದ. ನೀತಾಳಿಗೆ ಆಸರೆಗೆ ಇದ್ದದ್ದು ಅಪ್ಪನ ಕಾಗದ ಒಂದೇ. ಆ ವಾರವೇ ಕಂಪನಿಯಿಂದ ಎರಡು ಸಾಲಿನ ಮೇಲ್ ಬಂತು. ತಮ್ಮ ಅನುಭವವನ್ನು ದೃಢಪಡಿಸಿಕೊಳ್ಳಲು ಆಗಲಿಲ್ಲ, ಮುಂದಿನ ಪ್ರಯತ್ನಕ್ಕೆ ಶುಭವಾಗಲಿ.

ನೀತಾ ಅಳಲಿಲ್ಲ. ಅತ್ತಿದ್ದರೆ ಬಸವಲಿಂಗನಿಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ಎಂದಿನಂತೆ ಸ್ಕೂಟರು ಹತ್ತಿ ಬಂದು, ಎಂದಿನಂತೆ ಫೋನು ಮಾಡುತ್ತಿದ್ದಳು. ಮೂರನೆಯ ದಿನ ಅವನೇ ತಡೆಯದೆ ಅಂದ:

"ಇನ್ನೊಂದು ಕಾಗದ ಬರಸ್ತೀನವಾ. ಮ್ಯಾನೇಜರ್ ಅಂತ ಹಾಕಸ್ತೀನಿ. ಬ್ಯಾರೆ ಕಂಪನಿಗೆ ಕೊಡು."

"ಮ್ಯಾನೇಜರ್ ಅಂದ್ರ ಪಪ್ಪಾ? ಹಮಾಲರು ಇಬ್ಬರು, ಅವರಿಗೆ ಮ್ಯಾನೇಜರಾ?"

"ರಂಜೂನ ಸಲುವಾಗಿ ಅಂದೆ ನಾ..."

"ಗೊತ್ತದ. ನೀವು ಸುಳ್ಳು ಹೇಳಿದ್ದಕ್ಕ ನನಗ ಸಿಟ್ಟಿಲ್ಲ." ಅವಳು ತಾಡಪತ್ರಿಯ ಮೂಲೆ ಹಿಡಿದು ದಾರದ ಗಂಟು ನೋಡುತ್ತಿದ್ದಳು, ಅಪ್ಪನನ್ನಲ್ಲ. "ನನ್ನೂ ಅವರ ಸಾಲಿನ್ಯಾಗ ಕುಂಡ್ರಿಸಿ ಬಡಸಿದ್ರಿ ನೋಡ್ರಿ, ಅದಕ್ಕ."



ರವಿವಾರ ಮುರುಗೆಪ್ಪ ಪೇಡೆಯ ಡಬ್ಬಿ ಹಿಡಿದು ಮನೆಗೇ ಬಂದರು. ದತ್ತು ಪಾರಾದದ್ದು ಅವರಿಗೆ ತಿಳಿದಿತ್ತು, ಹೇಗೆ ಪಾರಾದ ಎಂಬುದೂ ತಿಳಿದಿತ್ತು.

"ಬೀಗರ, ನೀವು ಅಂದ್ರ ದೇವರು. ನಿಮ್ಮ ಮಾತಿನಿಂದ ನಮ್ಮ ಹುಡುಗನ ಅನ್ನ ಉಳೀತು."

"ದೇವರು ನೋಡ್ಕೋತಾನ್ರಿ."

"ನೀತಾಂದೂ ಆಗ್ತದ ಬಿಡ್ರಿ. ಹೆಣ್ಣುಮಗಳು, ಅವಸರೇನದ?" ಮುರುಗೆಪ್ಪ ಒಂದು ಪೇಡೆ ತಾವೇ ಬಾಯಿಗೆ ಹಾಕಿಕೊಂಡರು. "ಹಂ, ನಮ್ಮ ತಂಗಿ ಮಗಳು ಚಿನ್ನು ಇದ್ದಾಳಲ್ರಿ, ಆಕಿಗೂ ಕಾಲೇಜಿನ್ಯಾಗ ಇಂಟರ್ನ್‌ಶಿಪ್ ಬೇಕಂತ. ಒಂದು ಕಾಗದ..."

ಅಡಿಗೆಮನೆಯಲ್ಲಿ ನಾಗವ್ವನ ಲಟ್ಟಣಿಗೆ ನಿಂತಿತು. ಎದುರಿಗೆ ಬೀಗರು, ಹಿಂದೆ ಹೆಂಡತಿ, ಒಳಕೋಣೆಯಲ್ಲಿ ನೀತಾ. ಎದ್ದು ಹೋಗಲು ಅದು ಅಂಗಡಿಯೂ ಅಲ್ಲ, ಮನೆ.

"ಅಂಗಡಿ ಹೆಸರಿನ ಕಾಗದ ಹೆಚ್ಚಾಗ್ಯಾವ್ರಿ ಬೀಗರ," ಅಂದ, ಮಾಲು ಮುಗಿದಾಗ ಗಿರಾಕಿಗೆ ಅನ್ನುವಂತೆ.

"ಹೆಚ್ಚಾದ್ರ ಛಾಪಸ್ರಿ! ಅದೇನು ಭಾರದ ಕೆಲಸ? ನಾನ ಛಾಪಿಸಿ ಕಳಸ್ತೀನಿ ನಾಳೆ." ಮುರುಗೆಪ್ಪ ಖುಷಿಯಿಂದ ಎದ್ದರು. "ಎಷ್ಟು ಕಟ್ಟು ಬೇಕು ಹೇಳ್ರಿ."

ಮರುದಿನವೇ ಹೊಸ ಕಾಗದದ ಕಟ್ಟು ಅಂಗಡಿಗೆ ಬಂದು ಬಿತ್ತು. ಮೊದಲಿಗಿಂತ ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು. ನೀತಾ ಒಂದು ಹಾಳೆ ತೆಗೆದು ಬೆಳಕಿಗೆ ಹಿಡಿದು ನೋಡಿ, "ಮಾಲು ಚಲೋ ಅದ," ಅಂದು ಕೆಳಗಿಟ್ಟಳು.

ಆಮೇಲೆ ಅವಳು ತನ್ನ ರೆಸ್ಯೂಮೆ ತೆರೆದು ಕೂತಳು. ಬಸವಲಿಂಗ ಕುರ್ಚಿಯಿಂದಲೇ ಕತ್ತು ಚಾಚಿ ನೋಡುತ್ತಿದ್ದ. ಹೊಸದಾಗಿ ಏನೋ ಬರೆಯುತ್ತಾಳೆಂದು ಅವನ ಎಣಿಕೆ. ಅವಳು ಬರೆಯಲಿಲ್ಲ, ಅಳಿಸಿದಳು. ದಾರ ಹೋಯಿತು. ರಾಂಜಣಗಾಂವದ ಗುತ್ತಿಗೆ ಹೋಯಿತು. ಅಂಗಡಿಯ ಹೆಸರು ಹೋಯಿತು. ಬಿಬಿಎ ಅಂಕಗಳ ಕೆಳಗೆ ಮನೆಯ ವಿಳಾಸ ಬಂದು ನಿಂತಿತು. ನಡುವೆ ಒಂದೂವರೆ ವರ್ಷ ಖಾಲಿ ಬಿದ್ದಿತು.

"ಇದೇನವಾ, ಎಲ್ಲಾ ತಗದಿ?"

"ಇಟ್ರ ಕಾಗದ ಕೇಳ್ತಾರ, ಪಪ್ಪಾ. ಕಾಗದ ಕೊಟ್ರ ನಗ್ತಾರ. ಏನೂ ಮಾಡಿಲ್ಲ ಅಂದ್ರ ಯಾರೂ ಸಾಕ್ಷಿ ಕೇಳಂಗಿಲ್ಲ."

ಅವಳ ಲೆಕ್ಕ ಸರಿಯಿತ್ತು. ರಾಂಜಣಗಾಂವದ ಒಂದು ಕಾರಖಾನೆಯ ಸ್ಟೋರ್ಸ್ ವಿಭಾಗಕ್ಕೆ ಫ್ರೆಷರ್‌ಗಳು ಬೇಕಾಗಿದ್ದರು. ಫೋನಿನಲ್ಲಿ ಮಾತಾಡಿದ ಸಾಹೇಬರು ಸಾವಕಾಶದ ಮನುಷ್ಯ. ಹಗ್ಗದ ಸಿಂಬೆಗಳ ನಡುವೆ ನಿಂತು ನೀತಾ ಉತ್ತರ ಕೊಡುತ್ತಿದ್ದಳು. ಅನುಭವವೇನಾದರೂ ಇದೆಯೇ? ಇನ್ನೂ ಏನೂ ಇಲ್ಲ ಸರ್. ಕಾಲೇಜು ಬಿಟ್ಟು ಇಷ್ಟು ದಿನ? ಮನೆಯಲ್ಲಿದ್ದೆ ಸರ್. ಲಾರಿಗೆ ಮಾಲು ಬಿಗಿಯುವ ಪಟ್ಟಿ ಎಂದರೆ ಏನು ಗೊತ್ತೇ? ಅವಳ ಕೈಯಲ್ಲೇ ಒಂದು ಪಟ್ಟಿ ಇತ್ತು, ಮಾತಾಡುತ್ತ ಮಾತಾಡುತ್ತ ಅದನ್ನು ಸುತ್ತಿ ಗಂಟು ಹಾಕಿಟ್ಟಿದ್ದಳು. "ಕಲಿತುಕೊಳ್ತೀನಿ ಸರ್," ಅಂದಳು.

ಬಸವಲಿಂಗನಿಗೆ ಫೋನು ಕಿತ್ತುಕೊಂಡು ಕೂಗಬೇಕೆನ್ನಿಸಿತು. ಆದರೆ ಏನೆಂದು ಕೂಗುವುದು? ಈ ಊರಿನಲ್ಲಿ ನೀತಾಳ ಪರವಾಗಿ ಮಾತಾಡಬಾರದ ಮನುಷ್ಯ ಒಬ್ಬನಿದ್ದರೆ ಅವನು ತಾನೇ. ಗಿರಾಕಿಯೊಬ್ಬ ಬಂದು ಬಾವಿಹಗ್ಗದ ಭಾವ ಕೇಳಿದ. ಬಸವಲಿಂಗ ಬೆರಳು ತುಟಿಗಿಟ್ಟು ಅವನನ್ನು ಸುಮ್ಮನಾಗಿಸಿದ. ಹಿನ್ನೆಲೆಯಲ್ಲಿ ಹಗ್ಗದ ಮಾತು ಕೇಳಿಸಬಾರದಲ್ಲ.

ನೀತಾ ಫೋನು ಇಟ್ಟಳು.

"ಸೋಮವಾರದಿಂದ ಬಾ ಅಂದ್ರು. ಮೊದಲ ಆರು ತಿಂಗಳ ಟ್ರೇನಿಂಗ್."

"ಏನ್ ಕಲಸ್ತಾರಂತ?"

"ಸ್ಟೋರಿನ್ಯಾಗ ಮಾಲು ಹೆಂಗ ಗುರುತು ಮಾಡಿ ಇಡೂದು ಅಂತ."

ಗಿರಾಕಿ ಇಬ್ಬರ ಮುಖವನ್ನೂ ನೋಡಿದ. ಇಬ್ಬರೂ ನಗಲಿಲ್ಲ. ಬಸವಲಿಂಗ ಎದ್ದು ಹಗ್ಗ ಅಳೆದು ಕೊಟ್ಟು ಅವನನ್ನು ಕಳಿಸಿದ. ನೀತಾ ತನ್ನ ಡಬ್ಬಿ, ನೀರಿನ ಬಾಟಲಿ, ಗುತ್ತಿಗೆದಾರರ ನಂಬರಿದ್ದ ಡೈರಿ ಒಂದೊಂದೇ ಚೀಲಕ್ಕೆ ಹಾಕುತ್ತಿದ್ದಳು. ಡೈರಿಯನ್ನು ಮತ್ತೆ ಹೊರತೆಗೆದು ಅಪ್ಪನ ಮುಂದೆ ಇಟ್ಟಳು.

"ಪಪ್ಪಾ, ಆ ಕಡೆಯಿಂದ ಯಾರರ ಫೋನ್ ಮಾಡಿ ಕೇಳಿದ್ರ, ನಾ ಅಂಗಡ್ಯಾಗ ಎಂದೂ ಕೂತಿಲ್ಲ ಅನ್ರಿ."

ಬಸವಲಿಂಗ ಡೈರಿಯನ್ನು ತನ್ನ ಕಡೆ ಎಳೆದುಕೊಂಡ. ಬಾರದೇ ಇದ್ದ ಮಕ್ಕಳೆಲ್ಲ ಬಂದಿದ್ದರೆಂದು ಅವನು ಇಷ್ಟು ದಿನ ಹೇಳಿದ್ದ. ಬಂದ ಒಬ್ಬಳನ್ನು ಈಗ ಬಂದಿಲ್ಲ ಅನ್ನಬೇಕಿತ್ತು.

"ಆಗ್ಲವಾ," ಅಂದ. "ಹಂಗ ಅಂತೀನಿ."